ನಗು ನಿಲ್ಲಬೇಕಿದ್ದ ಜಾಗ

ಕೋಲಾರ
೨೧೧೨ನೆಯ ಇಸವಿ, ಹದಿಮೂರನೆಯ ತಿಂಗಳು, ಒಂಬತ್ತನೆಯ ತಾರೀಕು

ಪ್ರೀತಿಯ ತಿಪ್ಪೇರುದ್ರಪ್ಪ ಮುತ್ತಜ್ಜನವರಿಗೆ,

ನನ್ನ ಮದುವೆ ಆಗಿಬಿಟ್ಟಿತು ಮುತ್ತಜ್ಜಾ, ಅದೂ ನಿಮ್ಮದೇ ಮರಿಮೊಮ್ಮಗನ ಜೊತೆ! ಹೋದ ಗುರುವಾರ ಸೂರ್ಯ ಹುಟ್ಟುವ ಮೊದಲೇ ತಾಳಿ ಕಟ್ಟಿದ. ಅಂಗೈಯ ಮದರಂಗಿ ಇನ್ನೂ ಮಾಸಿಲ್ಲ, ಅವನು ಎದುರಿಗೆ ಬಂದರೆ ಕಾರಣವೇ ಇಲ್ಲದೆ ನಗು ಬರುತ್ತದೆ, ಎರಡು ಸಲ ಕಾಫಿಗೆ ಉಪ್ಪು ಹಾಕಿದ್ದೇನೆ, ಎರಡು ಸಲವೂ ಅವನು ಪೂರ್ತಿ ಕುಡಿದಿದ್ದಾನೆ. ಅವನ ಹೆಸರು ಹೊನ್ನೆ. ನಮ್ಮ ಕಾಲದಲ್ಲಿ ಮಕ್ಕಳಿಗೆ ಗಿಡಮರಗಳ ಹೆಸರಿಡುವುದು ವಾಡಿಕೆ. ನಾನು ತುಂಬೆ, ನನ್ನ ಅತ್ತೆ ಸುರಗಿ. ಹೊನ್ನೆಗೆ ನಿಮ್ಮ ಮೂಗು ಬಂದಿದೆಯಂತೆ. ಸುಳ್ಳು ಹೇಳಿದರೆ ಕಿವಿಯ ತುದಿ ಕೆಂಪಾಗುತ್ತದೆ. ಅದು ನಿಮ್ಮಿಂದ ಬಂದದ್ದಲ್ಲ ಅಂದುಕೊಳ್ಳುತ್ತೇನೆ. ನಿಮ್ಮ ಕಿವಿ ಹಾಗೆ ಕೆಂಪಾಗುವಂಥದ್ದಾಗಿದ್ದರೆ ಜನ ನಿಮ್ಮನ್ನು ಎಂದೋ ಹಿಡಿದುಬಿಡುತ್ತಿದ್ದರು.

ಮೊದಲು ಕ್ಷಮೆ ಕೇಳಬೇಕು. ಈ ಕಾಗದದ ಮಾತುಗಳು ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕಾಣಬಹುದು. ನಾನು ಓದಿದ್ದು ಇಂಗ್ಲಿಷ್ ಮೀಡಿಯಮ್. ಹೌದು, ಅದು ಇನ್ನೂ ಇದೆ. ವರ್ಷಕ್ಕೆ ಹದಿಮೂರು ತಿಂಗಳಾಯಿತು, ಮಧ್ಯಾಹ್ನದ ಬಿಸಿಲಿಗೆ ಹೆದರಿ ಊರುಗಳೇ ಅರ್ಧ ನೆಲದೊಳಗೆ ಇಳಿದವು, ಆದರೂ ಅದೊಂದು ಮಾತ್ರ ಜಗ್ಗಲಿಲ್ಲ. ನನಗೆ ಕನ್ನಡ ಬರೆಯಲು ಕಲಿಸಿದವರು ನಮ್ಮ ಅಜ್ಜಿ. ಅವರು ನಿಮ್ಮ ಕಾಲದಲ್ಲಿ ಹುಟ್ಟಿದವರು, ಹೆಸರು ಹಂಸಿಕಾ. ನಿಮಗೆ ಅದು ಮಗುವಿನ ಹೆಸರಾಗಿ ಕೇಳುತ್ತದೆ, ನಮಗೆ ಹಂಸಿಕಾ ಅಂದರೆ ಹಲ್ಲಿಲ್ಲದ ಬಾಯಿ, ನಡುಗುವ ಕೈ. ಅವರು ಕಲಿಸಿದ್ದರಿಂದ ನನ್ನ ಕನ್ನಡ ನಮ್ಮ ಬೀದಿಯವರ ಕನ್ನಡಕ್ಕಿಂತ ಹಳೆಯದು. ಗೆಳತಿಯರು ಆಡಿಕೊಳ್ಳುತ್ತಾರೆ. ಇವತ್ತು ಅದು ಉಪಯೋಗಕ್ಕೆ ಬಂತು.

ನಮ್ಮಲ್ಲಿ ಮದುವೆಯಾದ ಪ್ರತಿಯೊಬ್ಬರಿಗೂ ಒಂದು ಹಿಂದೋಲೆ ಸಿಗುತ್ತದೆ. ಹಿಂದೋಲೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಕಾಗದ. ಜೀವಮಾನಕ್ಕೆ ಒಂದೇ. ಅದನ್ನು ಸಿಕ್ಕವರಿಗೆಲ್ಲ ಬರೆಯುವಂತಿಲ್ಲ. ಸ್ವಂತ ಮನೆಯ ಹಿರಿಯರಿಗೆ, ಇಲ್ಲವೇ ಮದುವೆಯಿಂದ ಹಿರಿಯರಾದವರಿಗೆ ಮಾತ್ರ. ಸಾಮಾನ್ಯವಾಗಿ ಮದುಮಕ್ಕಳು ತಾವು ಕಾಣದ ಅಜ್ಜಿಗೋ ಮುತ್ತಜ್ಜಿಗೋ ಬರೆದು ಆಶೀರ್ವಾದ ಬೇಡುತ್ತಾರೆ. ನನ್ನ ಗೆಳತಿಯೊಬ್ಬಳು ಹೋಳಿಗೆಯ ಹೂರಣ ಯಾಕೆ ಸಡಿಲವಾಗುತ್ತದೆಂದು ಕೇಳಿ ತನ್ನ ಓಲೆ ಮುಗಿಸಿದಳು, ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ. ನಾನು ನಿಮಗೆ ಬರೆಯುತ್ತಿದ್ದೇನೆ. ಹೋದ ಬುಧವಾರದವರೆಗೆ ನೀವು ನನಗೆ ಯಾರೂ ಅಲ್ಲ, ನಿಮಗೆ ಒಂದು ಸಾಲು ಬರೆಯುವ ಹಕ್ಕೂ ನನಗಿರಲಿಲ್ಲ. ಗುರುವಾರ ತಾಳಿ ಬಿತ್ತು, ಹಕ್ಕು ಬಂತು. ಹೊನ್ನೆಯ ಮೇಲಿನ ಪ್ರೀತಿಯ ಖುಷಿ ಒಂದು, ಈ ಹಕ್ಕಿನ ಖುಷಿ ಇನ್ನೊಂದು. ಎರಡನ್ನೂ ಒಟ್ಟಿಗೆ ಉಣ್ಣುತ್ತಿದ್ದೇನೆ, ಪಾಯಸದ ಜೊತೆ ಹಪ್ಪಳದ ಹಾಗೆ.

ಈಗ ನಡೆಯುತ್ತಿರುವ ಹದಿಮೂರನೆಯ ತಿಂಗಳಿಗೆ ನಾವು ಬಿಡುವು ಎನ್ನುತ್ತೇವೆ. ಯಾರೂ ಕೆಲಸ ಮಾಡುವುದಿಲ್ಲ. ಮದುವೆಗಳೆಲ್ಲ ಇದೇ ತಿಂಗಳು. ನಾನು ಉಟ್ಟದ್ದು ಕೆರೆಯಲ್ಲಿ ತೇಲುವ ಅಂತರಗಂಗೆ ಕಳೆಯ ನಾರಿನಿಂದ ನೇಯ್ದ ಸೀರೆ, ತಿಳಿಹಸಿರು, ಮೈಮೇಲೆ ಇದೆಯೋ ಇಲ್ಲವೋ ಎಂಬಷ್ಟು ತಣ್ಣಗೆ. ಎಲ್ಲರ ಬಲಗಿವಿಯಲ್ಲೂ ಕಿವಿಮಣಿ ಇರುತ್ತದೆ, ಜೋಳದ ಕಾಳಿನಷ್ಟು ಗಾತ್ರದ್ದು. ಒಬ್ಬರು ಕಳಿಸಿದ ದನಿ ಅದರಲ್ಲಿ ಮನೆಮಂದಿಗೆಲ್ಲ ಒಟ್ಟಿಗೆ ಕೇಳುತ್ತದೆ. ಈ ಮಣಿಯ ವಿಷಯ ನೆನಪಿಟ್ಟುಕೊಳ್ಳಿ.

ನನ್ನ ಕೆಲಸ ಸತ್ತ ಡಿಸ್ಕುಗಳನ್ನು ಬದುಕಿಸುವುದು. ನಿಮ್ಮ ಕಾಲದವರು ಫೋಟೊ, ಹಾಡು, ಸಿನಿಮಾ ಎಲ್ಲವನ್ನೂ ಡಿಸ್ಕಿಗೆ ತುಂಬಿಟ್ಟು ಹೋಗಿಬಿಟ್ಟಿರಿ. ಅವನ್ನು ಓದಿಕೊಡುವ ಅಂಗಡಿಗಳು ನಮ್ಮಲ್ಲಿ ಬೀದಿಗೊಂದು, ನಿಮ್ಮಲ್ಲಿ ವಾಚು ರಿಪೇರಿ ಅಂಗಡಿ ಇದ್ದ ಹಾಗೆ. ತುಕ್ಕು ಹಿಡಿದಿರಲಿ, ನೀರು ಕುಡಿದಿರಲಿ, ಬೇಕೆಂದೇ ಅಳಿಸಿಲ್ಲದಿದ್ದರೆ ಸಾಕು, ನಾನು ಓದುತ್ತೇನೆ. ಹೋದ ವರ್ಷ ಒಂದು ದಿನ ಕೋಲಾರಕ್ಕೆ ಹೊಸದಾಗಿ ಕೆಲಸಕ್ಕೆ ಬಂದಿದ್ದ ಹೊನ್ನೆ ನನ್ನ ಅಂಗಡಿಗೆ ಒಂದು ಡಿಸ್ಕು ಹಿಡಿದು ಬಂದ. "ನಮ್ಮ ಮುತ್ತಜ್ಜನ ಸಿನಿಮಾ ಕಣ್ರೀ. ಅವರ ತಿಥಿ ದಿನ ಮನೆಯೋರೆಲ್ಲ ಕೂತು ನೋಡಿ ನಗ್ತೀವಿ. ಮಧ್ಯ ಮಧ್ಯ ನಿಂತು ಹೋಗ್ತೈತೆ, ಸರಿ ಮಾಡ್ಕೊಡ್ರಿ," ಅಂದ. "ತಿಥಿ ದಿನ ನಗ್ತೀರಾ?" ಅಂದೆ. "ನೀವೂ ನೋಡ್ರಿ, ನಗು ಬರ್ಲಿಲ್ಲ ಅಂದ್ರೆ ದುಡ್ಡು ವಾಪಸ್." "ದುಡ್ಡು ಕೊಡಬೇಕಾಗಿರೋರು ನೀವು," ಅಂದೆ. ಕಿವಿ ಕೆಂಪಾಯಿತು. ಅಷ್ಟಕ್ಕೇ ನನಗೆ ಇಷ್ಟವಾಗಿಬಿಟ್ಟ.

ಅವನು ಹೋದ ಮೇಲೆ ಡಿಸ್ಕು ಓದಿಸಿದೆ. ತೆರೆಯ ಮೇಲೆ ಚಿತ್ರದ ಹೆಸರು ಬಂತು: 'ಭಟ್ಟಿ ಹೊಗೆ'. ನಿರ್ಮಾಪಕರು ತಿಪ್ಪೇರುದ್ರಪ್ಪ. ಕಥೆ, ನಿರ್ದೇಶನ ಓಂಕಾರಮೂರ್ತಿ.

ಓಂಕಾರಮೂರ್ತಿ ನನ್ನ ಮುತ್ತಜ್ಜ. ಹಂಸಿಕಾ ಅಜ್ಜಿಯ ಅಪ್ಪ. ನೀವು ನಿಂತು ಓದುತ್ತಿದ್ದರೆ ಈಗ ಕುಳಿತುಕೊಳ್ಳುವುದು ಒಳ್ಳೆಯದು.

ಈ ಓಲೆ ನಿಮಗೆ ತಲುಪುವುದು ಭಾನುವಾರ ಬೆಳಿಗ್ಗೆ. 'ಭಟ್ಟಿ ಹೊಗೆ' ಬಿಡುಗಡೆಯಾದದ್ದು ಮೊನ್ನೆ ಶುಕ್ರವಾರ. ಎದುರಿಗಿರುವ ಪೇಪರಿನಲ್ಲಿ 'ಓಂಕಾರಮೂರ್ತಿಯಿಂದ ಹೊಟ್ಟೆ ಹುಣ್ಣಾಗಿಸುವ ಮತ್ತೊಂದು ನಗೆಹಬ್ಬ' ಎಂದು ಬಂದಿದೆ, ನೀವು ಅದನ್ನು ಆಗಲೇ ಎರಡು ಸಲ ಓದಿದ್ದೀರಿ. ನಿಮ್ಮ ಗೆಳೆಯರು ಫೋನು ಮಾಡಿ ಹೊಗಳಿದ್ದಾರೆ. ಓಂಕಾರಮೂರ್ತಿಯಿಂದ ಮಾತ್ರ ಫೋನು ಬಂದಿಲ್ಲ. ಇನ್ನು ಬರುವುದೂ ಇಲ್ಲ.

ಅವರು ಅದುವರೆಗೆ ಮಾಡಿದ್ದೆಲ್ಲ ನಗುವ ಸಿನಿಮಾಗಳು, ನಿಮ್ಮದೇ ನಿರ್ಮಾಣದಲ್ಲಿ. ಅವುಗಳಲ್ಲೆಲ್ಲ ಕೊಟ್ರಮ್ಮ ಎಂಬ ನಟಿ ಇರುತ್ತಿದ್ದರು. ಗಂಡ ಸುಳ್ಳು ಹೇಳಿದಾಗಲೆಲ್ಲ ಕೆಮ್ಮುವುದು ಅವರ ಹೆಸರುವಾಸಿ ತಮಾಷೆ. ಆಕೆ ಕೆಮ್ಮಿದರೆ ಸಾಕು, ದಾವಣಗೆರೆಯ ಥಿಯೇಟರುಗಳು ಕುಣಿದುಹೋಗುತ್ತಿದ್ದವು. 'ಭಟ್ಟಿ ಹೊಗೆ'ಯಲ್ಲಿ ಓಂಕಾರಮೂರ್ತಿ ಅದೇ ಕೊಟ್ರಮ್ಮನಿಗೆ ಅದೇ ಕೆಮ್ಮು ಕೊಟ್ಟರು. ಆದರೆ ಇಲ್ಲಿ ಆಕೆ ಹಾಲವ್ವ, ಮಂಡಕ್ಕಿ ಹುರಿಯುವ ಭಟ್ಟಿಯ ಹೊಗೆಯಲ್ಲಿ ಬೆಂದು ಎದೆಗೂಡು ಸುಟ್ಟುಕೊಂಡವಳು. ಮಗಳ ಮದುವೆ ಗೊತ್ತಾಗಿದೆ. ತಾಯಿಗೆ ರೋಗವಿದೆಯೆಂದು ಗಂಡಿನವರಿಗೆ ತಿಳಿದರೆ ಮದುವೆ ಮುರಿಯುತ್ತದೆ. ಮದುವೆಯ ದಿನ ಮುಷ್ಟಿಯಲ್ಲಿ ಅಕ್ಷತೆಯ ಅಕ್ಕಿಕಾಳು ಹಿಡಿದು ನಿಂತಾಗ ಅವಳಿಗೆ ಕೆಮ್ಮು ಬರುತ್ತದೆ. ನುಂಗುತ್ತಾಳೆ. ಮತ್ತೆ ಬರುತ್ತದೆ. ಸೆರಗು ಕಚ್ಚುತ್ತಾಳೆ. ವಾಲಗದವನಿಗೆ ಅರ್ಥವಾಗಿ ಕೆಮ್ಮು ಮುಚ್ಚಲೆಂದು ದನಿ ಏರಿಸುತ್ತಾನೆ. ಹಾಲವ್ವ ಅಡುಗೆಯವರ ಹಿಂದಕ್ಕೆ ಸರಿಯುತ್ತಾಳೆ, ಅಕ್ಕಿಕಾಳಿನ ಮುಷ್ಟಿ ಬಿಚ್ಚದೆ.

ಓಂಕಾರಮೂರ್ತಿ ಈ ದೃಶ್ಯವನ್ನು ಎಲ್ಲೂ ಕತ್ತರಿಸದೆ ಉದ್ದಕ್ಕೆ ಬಿಟ್ಟರು. ಜನ ಹಳೆಯ ಕೆಮ್ಮನ್ನು ಗುರುತಿಸಿ ಮೊದಲು ನಗಲಿ ಎಂದೇ ಅವರ ಆಸೆಯಾಗಿತ್ತು. ನಕ್ಕವರು ಆಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಬೇಕು. ಕೊನೆಗೆ ಇಡೀ ಥಿಯೇಟರಿನಲ್ಲಿ ಅವಳ ಉಸಿರು ಮಾತ್ರ ಕೇಳಬೇಕು. ಇಷ್ಟು ವರ್ಷ ತಾವು ಯಾವುದಕ್ಕೆ ನಕ್ಕೆವೆಂದು ಪ್ರತಿಯೊಬ್ಬರಿಗೂ ಎದೆಯಲ್ಲಿ ಚುಚ್ಚಬೇಕು. ನಗು ತಾನಾಗಿ ನಿಲ್ಲುವ ಆ ಜಾಗಕ್ಕಾಗಿಯೇ ಅವರು ಇಡೀ ಸಿನಿಮಾ ಕಟ್ಟಿದ್ದರು. ಅದನ್ನು ನಿಮಗೆ ಬಿಡಿಸಿ ಹೇಳಿದ್ದರು. ನೀವು ತಲೆಯಾಡಿಸಿದ್ದಿರಿ.

ಆಮೇಲೆ ನಗೆ ಎತ್ತುವವರನ್ನು ಕಳಿಸಿದಿರಿ. ನಿಮ್ಮ ಮೊಮ್ಮಕ್ಕಳು ಅವರನ್ನು ಮರೆತಿದ್ದಾರೆ, ಹಂಸಿಕಾ ಅಜ್ಜಿ ಮರೆತಿಲ್ಲ. ನಿಮ್ಮ ಪ್ರತಿ ಸಿನಿಮಾದ ಮೊದಲ ಆಟಕ್ಕೂ ಸಂಬಳ ಕೊಟ್ಟು ಒಂದು ಬಳಗವನ್ನು ಸಾಲು ಸಾಲಿಗೊಬ್ಬರಂತೆ ಕೂರಿಸುವುದು ನಿಮ್ಮ ಕ್ರಮವಾಗಿತ್ತು. ಮುಂದಾಳು ಸೋಡಾ ಬಸಣ್ಣ. ಸೋಡಾ ಬಾಟಲಿಯ ಗೋಲಿ ಒತ್ತಿದ ಹಾಗೆ ಚುಂಯ್ ಎಂದು ಅವನ ನಗು ಹೊರಟರೆ ಉಳಿದವರು ಎತ್ತಿಕೊಳ್ಳುತ್ತಿದ್ದರು, ಅವರ ಹಿಂದೆ ಇಡೀ ಥಿಯೇಟರು. ಮಾರನೆಯ ದಿನ ಊರೆಲ್ಲ ಸುದ್ದಿ. ನಗುವ ಸಿನಿಮಾಕ್ಕೆ ಅದರಿಂದ ಕೇಡೇನೂ ಇರಲಿಲ್ಲ. ಆದರೆ ಕೂಲಿ ತೆಗೆದುಕೊಂಡವನ ನಗು ತಾನಾಗಿ ನಿಲ್ಲುವುದಿಲ್ಲ ಮುತ್ತಜ್ಜ. ನೀವು ನಿಲ್ಲಿಸು ಎನ್ನುವವರೆಗೂ ಅವನು ನಗುತ್ತಾನೆ. ನೀವು ನಿಲ್ಲಿಸು ಎನ್ನಲಿಲ್ಲ.

ಆದದ್ದಾಯಿತು, ಹೆದರಿಕೆಯಲ್ಲಿ ಮಾಡಿದ್ದಾರೆ, ಜನ ಸುಮ್ಮನೆ ಕೂತರೆ ಸಿನಿಮಾ ಬಿದ್ದುಹೋಯಿತೆಂದು ತಿಳಿದಿದ್ದಾರೆ ಎಂದು ನಾನೂ ಒಂದಷ್ಟು ದಿನ ನಿಮ್ಮ ಪರ ಯೋಚಿಸಿದೆ. ಹೊನ್ನೆಯ ಮುತ್ತಜ್ಜ ಅಲ್ಲವೇ. ಆದರೆ ನೀವು ನಿಮ್ಮ ಮೇಲೆ ನೀವೇ ಸಾಕ್ಷಿ ಇಟ್ಟು ಹೋಗಿದ್ದೀರಿ. ಜಾಹೀರಾತಿಗೆ ಬೇಕೆಂದು ಆ ಮೊದಲ ಆಟದ ನಗುವನ್ನು ರೆಕಾರ್ಡು ಮಾಡಿಸಿದಿರಿ. ಮೈಕನ್ನು ಬಾಲ್ಕನಿಯಲ್ಲಿ ನಿಮ್ಮ ಸೀಟಿನ ಪಕ್ಕದಲ್ಲೇ ಇಡಿಸಿದಿರಿ. ಇನ್ನು ನಾಳೆ, ಸೋಮವಾರ, ಎಡಿಟರನ್ನು ಕರೆಸಿ ಕೊನೆಯ ಭಾಗ ಕತ್ತರಿಸಿ, ಕೆಮ್ಮಿನ ದೃಶ್ಯದ ತುಂಬ ಆ ನಗುವನ್ನೇ ಸುರಿಸುತ್ತೀರಿ. ಅಡುಗೆಯವರ ಹಿಂದೆ ಹಾಲವ್ವ ಬಗ್ಗಿ ಕೆಮ್ಮುತ್ತಿರುವಾಗಲೇ 'ಶುಭಂ' ಬಂದುಬಿಡುತ್ತದೆ. ನನ್ನ ಕೈಗೆ ಬಂದ ಪ್ರತಿ ಅದು. ನಮ್ಮ ಕಾಲದಲ್ಲಿ ಉಳಿದಿರುವುದು ಅದೊಂದೇ.

ಮಣ್ಣಿನಿಂದ ಕಾಳು ಆರಿಸುವ ಹಾಗೆ ಒಟ್ಟಿಗೆ ಬೆರೆತ ದನಿಗಳನ್ನು ಬಿಡಿಸುವುದು ನನ್ನ ಕಸುಬು. ನಗುವನ್ನು ಒಂದೊಂದಾಗಿ ಬಿಡಿಸಿದೆ. ಎಲ್ಲ ನಗುಗಳ ಅಡಿಯಲ್ಲಿ ಮಾತು ಸಿಕ್ಕಿತು. ಮೊದಲು ಬಸಣ್ಣನ ದನಿ: "ಅಣ್ಣಾರೇ, ಇದು ನಗೋ ಸೀನ್ ಅಲ್ಲ ಅನ್ಸುತ್ತೆ. ಆಯಮ್ಮ ಸಾಯಕತ್ತೈತ್ರಿ." ಆಮೇಲೆ ನಿಮ್ಮದು. ಎಷ್ಟು ಸ್ಪಷ್ಟವಾಗಿದೆ ಗೊತ್ತೇ, ಎಲೆಯಡಿಕೆ ಜಗಿಯುವುದೂ ಕೇಳುತ್ತದೆ. "ನಿಂಗೆ ಟಿಕೆಟ್ ಕೊಡ್ಸಿರೋದು ಸಿನ್ಮಾ ನೋಡಾಕಲ್ಲಲೇ, ನಗಾಕೆ. ಎತ್ತು." ಬಸಣ್ಣ ಎತ್ತಿದ. ಆಮೇಲೆ ಇನ್ನೊಬ್ಬರ ದನಿ: "ರುದ್ರಣ್ಣಾ, ನಿನ್ ಕಾಲಿಗ್ ಬೀಳ್ತೀನಿ, ಸುಮ್ನಿರಾಕ್ ಹೇಳು ಅವ್ರಿಗೆ. ಒಂದ್ ಚೂರು. ಒಂದೇ ಒಂದ್ ಚೂರು ಸುಮ್ನಿದ್ರೆ ಸಾಕು." ಅದಕ್ಕೆ ನೀವು ಹೇಳಿದ್ದು: "ಕೂತ್ಕೊಳೋ ಓಂಕಾರ. ಜನ ನಗ್ತಾ ಅದಾರೆ, ನಿಂಗೇನು ಕಷ್ಟ?" ಅದರ ಬೆನ್ನಿಗೇ ಒಂದು ಮಗುವಿನ ದನಿ: "ಅಪ್ಪಾ, ಆ ಅವ್ವಗೆ ಯಾರೂ ನೀರ್ ಕೊಡಲ್ವಾ?"

ಆ ಮಗು ನಮ್ಮ ಅಜ್ಜಿ. ಓಂಕಾರಮೂರ್ತಿ ಅವಳನ್ನು ಎತ್ತಿಕೊಂಡು ಅರ್ಧಕ್ಕೇ ಎದ್ದು ಹೊರಗೆ ಬಂದರು. ಅದನ್ನು ಅಜ್ಜಿಗೆ ಕೇಳಿಸಿದಾಗ ಅವರು ಕಿವಿಮಣಿಯ ಮೇಲೆ ಬೆರಳೊತ್ತಿ ಕೂತಿದ್ದರು. ಮುಗಿದ ಮೇಲೆ "ತೆಗಿ ಅದನ್ನ" ಅಂದರು. ತೆಗೆದೆ. ಸ್ವಲ್ಪ ಹೊತ್ತಿಗೆ, "ಅಪ್ಪ ಮಾತಾಡೋದಷ್ಟೇ ಇನ್ನೊಂದ್ ಸಲ ಹಾಕವ್ವ" ಅಂದರು. ಎಷ್ಟು ಸಲ ಹಾಕಿದೆನೋ ನನಗೇ ಗೊತ್ತಿಲ್ಲ.

ಓಂಕಾರಮೂರ್ತಿ ಆ ಸಿನಿಮಾದ ಬಗ್ಗೆ ಮನೆಯಲ್ಲಿ ಮತ್ತೆ ಬಾಯಿ ಬಿಡಲಿಲ್ಲವಂತೆ. ಊರು ಬಿಟ್ಟು ಕೋಲಾರಕ್ಕೆ ಬಂದರು. ಹೊಟ್ಟೆಪಾಡಿಗೆ ಯಾರುಯಾರಿಗೋ ನಗುವ ಸಿನಿಮಾ ಮಾಡಿಕೊಟ್ಟರು, ಒಂದಕ್ಕಿಂತ ಒಂದು ಕಳಪೆ. ತೀರಿಕೊಂಡ ದಿನ ಟೀವಿಯವರು 'ನಗಿಸಿದ ಮಹನೀಯ' ಎಂದು ಕೊಟ್ರಮ್ಮನ ಕೆಮ್ಮು ತೋರಿಸಿದರಂತೆ. ಅವರಿಂದ ನಮ್ಮ ಮನೆಗೆ ಒಂದು ಪದ್ಧತಿ ಬಂತು: ಊಟದ ಹೊತ್ತಿನಲ್ಲಿ ಯಾರಿಗಾದರೂ ಕೆಮ್ಮು ಬಂದರೆ ಉಳಿದವರೆಲ್ಲ ಕೈ ನಿಲ್ಲಿಸಬೇಕು, ಮಾತು ನಿಲ್ಲಿಸಬೇಕು, ಒಬ್ಬರು ನೀರು ಕೊಡಬೇಕು, ಕೆಮ್ಮು ಪೂರ್ತಿ ನಿಂತ ಮೇಲೆಯೇ ತುತ್ತು. ಯಾಕೆ ಎಂದು ನಾನು ಕೇಳಿರಲಿಲ್ಲ. ದೇವರಿಗೆ ಕೈ ಮುಗಿಯುವುದು ಯಾಕೆಂದು ಯಾರು ಕೇಳುತ್ತಾರೆ?

ಈಗ ಮದುವೆಯ ಊಟದ ಕತೆ ಕೇಳಿ. ನೆಲದಡಿಯ ತಂಪು ಛತ್ರದಲ್ಲಿ ಎದುರು ಬದುರು ಪಂಕ್ತಿ, ಒಂದು ಕಡೆ ನಮ್ಮವರು, ಇನ್ನೊಂದು ಕಡೆ ನಿಮ್ಮವರು. ಎಷ್ಟು ಚೆಂದದ ಜನ ನಿಮ್ಮವರು! ನನ್ನ ಸೀರೆ ಮುಟ್ಟಿ ಮುಟ್ಟಿ ನೋಡಿದರು, ಹೊನ್ನೆಯ ಬಾಲ್ಯದ ಮಾನ ಕಳೆದರು, ದಾವಣಗೆರೆಯಿಂದ ಮೂಟೆ ಮಂಡಕ್ಕಿ ಹೊತ್ತು ತಂದಿದ್ದರು. ಪಾಯಸ ಬಡಿಸುವಾಗ ಹಂಸಿಕಾ ಅಜ್ಜಿಗೆ ನೆತ್ತಿಗೇರಿ ಕೆಮ್ಮು ಬಂತು. ನಮ್ಮ ಸಾಲಿನವರೆಲ್ಲ ಒಂದೇ ಸಲಕ್ಕೆ ಕೈ ನಿಲ್ಲಿಸಿದೆವು. ಅದೇ ಗಳಿಗೆಗೆ ನಿಮ್ಮ ಸಾಲಿನವರೆಲ್ಲ, ಮಕ್ಕಳಿಂದ ಮುದುಕರವರೆಗೆ, ಹೋ ಎಂದು ನಕ್ಕರು. ಚಪ್ಪಾಳೆ ತಟ್ಟಿದರು. ಅಜ್ಜಿ ಮತ್ತೆ ಕೆಮ್ಮಿದರು, ಅವರು ಮತ್ತೆ ನಕ್ಕರು. ನನ್ನ ಅತ್ತೆ ಸುರಗಿ ಎದ್ದು ಬಂದು ಅಕ್ಕರೆಯಿಂದ ಅಜ್ಜಿಯ ಬೆನ್ನು ಸವರಿದರು: "ಬೇಜಾರ್ ಮಾಡ್ಕೋಬ್ಯಾಡ್ರಿ ಅಜ್ಜಿ. ನಮ್ಮನ್ಯಾಗೆ ಯಾರಾದ್ರೂ ಕೆಮ್ಮಿದ್ರೆ ನಗಬೇಕು, ಆಯಸ್ಸು ಜಾಸ್ತಿ ಆಗ್ತೈತೆ ಅಂತ. ನಮ್ಮ ತಿಪ್ಪೇರುದ್ರಜ್ಜ ಹಾಕಿಕೊಟ್ಟ ಪದ್ಧತಿ." ಅಜ್ಜಿ ಸೆರಗಿನಿಂದ ಬಾಯೊರಸಿಕೊಂಡು, "ಗೊತ್ತು ಬಿಡವ್ವ," ಅಂದರು. "ನಿಮ್ಮನಿಯೋರು ನಗೋದನ್ನ ನಾನು ಮುಂಚೇನೂ ಕೇಳೀನಿ."

ಅವರು ಮತ್ತೆ ತುತ್ತು ಎತ್ತಲಿಲ್ಲ. ಅತ್ತೆಗೆ ಏನೂ ಅರ್ಥವಾಗಲಿಲ್ಲ, ಪಾಪ. ಎರಡನೆಯ ಸಲ ಪಾಯಸ ಬಡಿಸಿ ಹೋದರು. ನಾನು ಯಾರ ಮರಿಮೊಮ್ಮಗಳೆಂದು ಹೊನ್ನೆಗೆ ಗೊತ್ತು, ಅದನ್ನು ಅವನು ಒಳ್ಳೆಯ ಶಕುನವೆಂದು ತಿಳಿದಿದ್ದಾನೆ. ಆ ದನಿಗಳ ವಿಷಯ ಮಾತ್ರ ಅವನಿಗೆ ಗೊತ್ತಿಲ್ಲ. ಈಗಲೂ ಪಕ್ಕದಲ್ಲಿ ಕೂತು ನನ್ನ ಜಡೆಯ ತುದಿ ಎಳೆಯುತ್ತಾ, "ಅಷ್ಟುದ್ದ ಏನ್ ಬರಿತೀಯೇ ನಮ್ಮಜ್ಜಂಗೆ?" ಎನ್ನುತ್ತಿದ್ದಾನೆ. "ನಿನ್ ಮೇಲೆ ಚಾಡಿ," ಅಂದೆ. ನಕ್ಕ. ಅವನ ನಗು ನನಗೆ ಎಷ್ಟು ಇಷ್ಟ ಎಂದು ಬರೆಯಲು ಹೊರಟರೆ ಈ ಕಾಗದ ಮುಗಿಯುವುದಿಲ್ಲ. ಇಷ್ಟು ಒಳ್ಳೆಯ ಹುಡುಗನಿಗೆ ಸಾಯುವವಳ ಕೆಮ್ಮಿಗೆ ನಗುವುದನ್ನು ತೊಟ್ಟಿಲಿನಿಂದಲೇ ಕಲಿಸಿಟ್ಟಿರಲ್ಲ, ಅದೊಂದಕ್ಕೇ ನಿಮ್ಮನ್ನು ಬಿಡಬಾರದು.

ಈಗ ವಿಷಯಕ್ಕೆ ಬರುತ್ತೇನೆ. ಅಜ್ಜಿಗೆ ತೊಂಬತ್ತಾರು ವರ್ಷ. ಅವರಿಗೆ ಬೇಕಾಗಿರುವುದು ಒಂದೇ: ಹಾಲವ್ವ ವಾಪಸು ಬಂದು ಮಗಳ ತಲೆಯ ಮೇಲೆ ಅಕ್ಕಿಕಾಳು ಹಾಕಿದಳೋ, ಇಲ್ಲವೋ? ಆ ಕೊನೆಯನ್ನು ಕಂಡವರು ಯಾರೂ ಈಗ ಬದುಕಿಲ್ಲ. ಅಪ್ಪನನ್ನು ಕೇಳಿದರೆ ಅವರು ಎದ್ದು ಹೋಗುತ್ತಿದ್ದರಂತೆ. ಒಂದೇ ಒಂದು ಸಲ ಹೇಳಿದ್ದರು: "ಪೂರ್ತಿ ಸಿನ್ಮಾ ಒಂದೇ ಡಿಸ್ಕಲ್ಲಿರೋದು ಮಗಳೇ. ಅದು ರುದ್ರಣ್ಣನ ಬೀರುನಾಗೈತೆ." ಮದುವೆಯ ಮರುದಿನ ಅಜ್ಜಿ ನನ್ನ ಕೈ ಹಿಡಿದು ಕೇಳಿದ್ದು ಆಶೀರ್ವಾದದ ಮಾತಲ್ಲ. "ಆ ಮನೆಗೆ ಹೊಂಟಿದೀಯ. ಹಾಕಿದ್ಲೋ ಇಲ್ಲೋ, ನೋಡ್ಕೊಂಡು ಬಂದು ಹೇಳೇ" ಅಂದರು.

ನಿಮ್ಮ ಬೀರು ಈಗಲೂ ಇದೆ. ಅದೇ ಕಬ್ಬಿಣದ ಹಸಿರು ಬೀರು. ಅತ್ತೆ ಅದರಲ್ಲಿ ಹಳೆಯ ಹೊದಿಕೆಗಳನ್ನು ತುಂಬಿದ್ದಾರೆ. ಒಳಖಾನೆ ಮಾತ್ರ ನಿಮ್ಮ ತರುವಾಯ ಯಾರೂ ತೆಗೆದಿಲ್ಲ, ಬೀಗ ಕಚ್ಚಿಕೊಂಡು ಕೂತಿದೆ. "ನೀನು ಕೆಟ್ಟಿದ್ದು ಬಿಚ್ಚೋಳಲ್ವಾ, ಮನೆ ತುಂಬಿಸ್ಕೊಂಡ ದಿನ ನೀನೇ ತೆಗಿಯವ್ವ, ಹೊಸ ಸೊಸೆ ಕೈಗುಣ ನೋಡೋಣ," ಅಂದಿದ್ದಾರೆ ಅತ್ತೆ. ಅದರೊಳಗೆ ಈಗ ಏನು ಉಳಿದಿದೆಯೆಂದು ನಮ್ಮ ಕಾಲದಲ್ಲಿ ಯಾರಿಗೂ ತಿಳಿಯದು. ನನ್ನ ಆಸೆಯೆಲ್ಲ ಅದರ ಮೇಲೆ. ಹಿಂದೋಲೆಗೆ ಒಂದು ನಿಯಮವಿದೆ: ನಮಗೆ ಗೊತ್ತಾಗಿರುವುದು ಒಣಗಿದ ಗೋಡೆ, ಅದನ್ನು ಅಲುಗಿಸಲಾಗದು. ಆದ್ದರಿಂದಲೇ ಶುಕ್ರವಾರ ಕಳೆದ ಮೇಲೆ ಈ ಓಲೆ ನಿಮ್ಮ ಕೈಗೆ ಬಂತು. ಆದ್ದರಿಂದಲೇ ನಾಳೆ ನೀವು ಎಡಿಟರನ್ನು ಕರೆಸದೆ ಇರಲಾರಿರಿ. ಗೊತ್ತಾಗದೆ ಉಳಿದದ್ದು ಮಾತ್ರ ಹಸಿ ಗೋಡೆ. ಕೈಯೊತ್ತಿದರೆ ಗುರುತು ಮೂಡುತ್ತದೆ. ಕೊನೆಯ ಭಾಗ ಕತ್ತರಿಸಿದ ಮೇಲೆ, ಇಡೀ ಸಿನಿಮಾ ಇರುವ ಆ ಡಿಸ್ಕು ನಿಮ್ಮ ಕೈಯಲ್ಲಿ ಉಳಿಯುತ್ತದೆ. ಅದನ್ನು ಅಳಿಸಿ ಬೇರೇನಾದರೂ ತುಂಬಬಹುದು. ಇಲ್ಲವೇ ಒಳಖಾನೆಯಲ್ಲಿ ಇಟ್ಟು ಬೀಗ ಹಾಕಬಹುದು. ಅಷ್ಟು ಮಾತ್ರ ನಿಮ್ಮ ಕೈಯಲ್ಲಿದೆ.

ಇಟ್ಟಿದ್ದರೆ, ನಿಮ್ಮ ತಿಥಿಯ ದಿನ ನಿಮ್ಮ ಮನೆತನದವರನ್ನೆಲ್ಲ ಕೂರಿಸಿ ಪೂರ್ತಿ ಸಿನಿಮಾ ಹಾಕುತ್ತೇನೆ. ಅವರು ಅಭ್ಯಾಸದಂತೆ ನಗಲು ಶುರು ಮಾಡುತ್ತಾರೆ. ಎತ್ತುವವರಿಲ್ಲ, ಆದ್ದರಿಂದ ನಿಲ್ಲಿಸುತ್ತಾರೆ. ಒಬ್ಬೊಬ್ಬರಾಗಿ ನಿಲ್ಲಿಸುವುದನ್ನು ಓಂಕಾರಮೂರ್ತಿಯ ಮಗಳು ಮುಂದಿನ ಸಾಲಿನಲ್ಲಿ ಕೂತು ಕೇಳಿಸಿಕೊಳ್ಳುತ್ತಾಳೆ. ನಿಮ್ಮ ದನಿಯನ್ನು ನಾನು ಅಳಿಸಿಹಾಕುತ್ತೇನೆ, ಹೊನ್ನೆಗೂ ಹೇಳುವುದಿಲ್ಲ. ಕ್ಷಮಿಸಿದೆನೆಂದು ತಿಳಿಯಬೇಡಿ. ನಿಮ್ಮ ಸಂತಾನವೇ ನಿಮ್ಮ ಸಿನಿಮಾಕ್ಕೆ ಅಳುವುದನ್ನು ನೋಡುವುದು ನನಗೆ ಸಾಕಷ್ಟು ಸೇಡು.

ಒಳಖಾನೆ ಖಾಲಿಯಿದ್ದರೆ, ಅಥವಾ ಡಿಸ್ಕು ಅಳಿಸಿದ್ದರೆ, ಅದೇ ದಿನ ನಿಮ್ಮ ಫೋಟೊಕ್ಕೆ ಹಾರ ಹಾಕಿ, ಎಲ್ಲರೂ ನಗಲು ಕಾದು ಕೂತಾಗ, ಅವರಲ್ಲಿ ಪ್ರತಿಯೊಬ್ಬರ ಕಿವಿಮಣಿಗೂ ನಿಮ್ಮ ದನಿ ಕಳಿಸುತ್ತೇನೆ. ನಿಮ್ಮ ಮೊಮ್ಮಗನ ಕಿವಿಗೆ, ಅವನ ಮಕ್ಕಳ ಕಿವಿಗೆ, ಇನ್ನೂ ಹಾಲುಹಲ್ಲು ಬೀಳದ ಕೂಸುಗಳ ಕಿವಿಗೆ. 'ಸಿನ್ಮಾ ನೋಡಾಕಲ್ಲಲೇ, ನಗಾಕೆ. ಎತ್ತು.' ಇಷ್ಟು ವರ್ಷ ಯಾರ ಹೆಸರಿನಲ್ಲಿ ನಕ್ಕೆವು, ಯಾರು ಸಾಯುವುದಕ್ಕೆ ನಕ್ಕೆವು ಎಂದು ತಿಳಿದ ಮೇಲೆ ಆ ಮನೆಯಲ್ಲಿ ನಿಮ್ಮ ಫೋಟೊ ಉಳಿಯುವುದಿಲ್ಲ. ಅತ್ತೆ ನನ್ನನ್ನು ಮೊದಲಿನಂತೆ ನೋಡಲಾರರು, ಹೊನ್ನೆಯ ನಗು ಏನಾಗುತ್ತದೋ, ಅದೆಲ್ಲ ನನಗೆ ಗೊತ್ತಿದೆ. ಗೊತ್ತಿದ್ದೇ ಹೇಳುತ್ತಿದ್ದೇನೆ. ಮತ್ತೆ, ಡಿಸ್ಕು ಸಿಗಲಿ ಬಿಡಲಿ, ನಮಗೆ ಹುಟ್ಟುವ ಮೊದಲ ಮಗುವಿಗೆ ಮರದ ಹೆಸರು ಇಡುವುದಿಲ್ಲ. ಗಂಡಾದರೂ ಹೆಣ್ಣಾದರೂ ಓಂಕಾರ. ನಿಮ್ಮ ವಂಶ ಆ ಹೆಸರು ಹಿಡಿದು ಕೂಗಿ ಊಟಕ್ಕೆ ಕರೆಯಲಿ.

ನಿಮ್ಮ ಸಾವಿನ ವರ್ಷ ತಿಳಿಸಬಾರದೆಂದು ಓಲೆ ಕಚೇರಿಯ ನಿಯಮ. ತಿಂಗಳು ತಿಳಿಸಬಾರದೆಂದು ಎಲ್ಲೂ ಇಲ್ಲ, ಚೆನ್ನಾಗಿ ಓದಿ ನೋಡಿದೆ. ಅದು ಮಾರ್ಗಶಿರ. ಇನ್ನು ಮೇಲೆ ಪ್ರತಿ ಮಾರ್ಗಶಿರ ಬಂದಾಗಲೂ ಒಂದು ಸಲ ಎದ್ದು ಹೋಗಿ ಬೀರುವಿನ ಒಳಖಾನೆ ನೋಡಿಕೊಳ್ಳಿ. ಡಿಸ್ಕು ಇದೆಯೇ, ಬೀಗ ಭದ್ರವಾಗಿದೆಯೇ ಎಂದು. ನಿಮಗೆ ಬೇಕಾದಷ್ಟು ಸಮಯವಿದೆ ಮುತ್ತಜ್ಜ. ನಮ್ಮ ಅಜ್ಜಿಗೆ ಇಲ್ಲ. ಅವರನ್ನು ಕೋಲಾರದಲ್ಲಿ ಬಿಟ್ಟು ಬಂದು ಸುದ್ದಿ ಮುಟ್ಟಿಸುವುದು ಬೇಡವೆಂದು ಜೊತೆಗೇ ಕರೆತರುತ್ತಿದ್ದೇನೆ. ನಿಮ್ಮ ಹೊಸ್ತಿಲಲ್ಲಿ ಸೇರಕ್ಕಿ ಒದ್ದು ಒಳಗೆ ಬಂದವಳೇ, ಸೀರೆ ಕೂಡ ಬದಲಿಸದೆ, ಬೀರುವಿನ ಮುಂದೆ ಕೂರುತ್ತೇನೆ.

ಇದೇ ಇಪ್ಪತ್ತನೆಯ ತಾರೀಕು, ಶುಕ್ರವಾರ, ಬೆಳಿಗ್ಗೆ ದಾವಣಗೆರೆಗೆ ಬರುವ ಕೋಲಾರ–ಬೆಳಗಾವಿ ತೇಲುಬಂಡಿಯಲ್ಲಿ ಬರುತ್ತಿದ್ದೇನೆ.

ನಿಮ್ಮ ಮನೆಯ ಸೊಸೆ,
ತುಂಬೆ